ವಿಧವೆಯನ್ನು ಮರೆತ ಕರುಣೆ

2004ರಲ್ಲಿ ಅಮೆರಿಕದ ಕುಟುಂಬಗಳು ಹೊರದೇಶಗಳಿಂದ ಸುಮಾರು 23,000 ಮಕ್ಕಳನ್ನು ದತ್ತು ತೆಗೆದುಕೊಂಡವು. 2023ರ ಹೊತ್ತಿಗೆ ಆ ಸಂಖ್ಯೆ 1,300ಕ್ಕಿಂತ ಕೆಳಗಿಳಿದಿತ್ತು. ಎರಡೇ ದಶಕಗಳಲ್ಲಿ ಒಂದು ಪದ್ಧತಿ ಹೀಗೆ ಬತ್ತಿಹೋದದ್ದನ್ನು ಹೆಚ್ಚು ನೋವಿನಿಂದ ಕಂಡವರಲ್ಲಿ ಅಲ್ಲಿನ ಇವಾಂಜೆಲಿಕಲ್ ಕ್ರೈಸ್ತ ಕುಟುಂಬಗಳವರು ಮುಖ್ಯರು. ಅನಾಥ ಮಗುವಿಗೆ ಮನೆ ಕೊಡುವುದು ಅವರಿಗೆ ಬರೀ ಸಂಸಾರದ ಆಸೆಯಾಗಿರಲಿಲ್ಲ, ದೇವರ ಕರೆಯಾಗಿತ್ತು. ಆ ಕರೆಗೆ ಓಗೊಟ್ಟು ಸಾಲಸೋಲ ಮಾಡಿ, ದಾಖಲೆಗಳ ಕಟ್ಟು ಹೊತ್ತು, ವರ್ಷಗಟ್ಟಲೆ ಕಾದ ಎಷ್ಟೋ ಮಂದಿಗೆ ಕೊನೆಗೆ ಎದುರಾದದ್ದು ಮುಚ್ಚಿದ ಬಾಗಿಲು. ಮುಚ್ಚಿದವರು ಯಾರೆಂದು ಕೇಳಿದರೆ ಅವರಲ್ಲಿ ಹಲವರು ಸರ್ಕಾರಿ ಕಚೇರಿಗಳತ್ತ, ವಿದೇಶಿ ದತ್ತಿಗೆ ನಿಯಮ ಹಾಕುವ ಹೇಗ್ ಒಪ್ಪಂದದತ್ತ, ಯುನಿಸೆಫ್‌ನತ್ತ ಬೊಟ್ಟು ಮಾಡುತ್ತಾರೆ. ಆ ದೂರು ಪೂರ್ತಿ ಸುಳ್ಳಲ್ಲ. ಆದರೆ ಎಪ್ಪತ್ತು ವರ್ಷಗಳ ಚರಿತ್ರೆಯನ್ನು ಮೊದಲಿನಿಂದ ಓದಿಕೊಂಡು ಬಂದರೆ, ಈ ಹತಾಶೆಯ ಬೇರು ಕಚೇರಿಗಳಿಗಿಂತ ಹೆಚ್ಚಾಗಿ ಆ ಭರವಸೆಯನ್ನು ಕಟ್ಟಿದ ಬಗೆಯಲ್ಲೇ ಇದೆ ಎಂದು ತೋರುತ್ತದೆ. ಬೈಬಲಿನ ಯಾಕೋಬನ ಪತ್ರ ನಿಜವಾದ ಭಕ್ತಿ ಯಾವುದೆಂದು ಹೇಳುವಾಗ ಅನಾಥರನ್ನೂ ವಿಧವೆಯರನ್ನೂ ಜೊತೆಯಲ್ಲೇ ಹೆಸರಿಸುತ್ತದೆ. ದತ್ತು ಚಳವಳಿ ಮತ್ತೆ ಮತ್ತೆ ಎತ್ತಿ ಹೇಳಿದ್ದು ಇದೇ ವಾಕ್ಯವನ್ನು. ಆದರೆ ಅನಾಥನನ್ನು ಎತ್ತಿಕೊಂಡ ಆ ಚಳವಳಿ, ಪಕ್ಕದಲ್ಲೇ ನಿಂತಿದ್ದ ವಿಧವೆಯನ್ನು, ಅಂದರೆ ಗತಿಯಿಲ್ಲದ ಹೆತ್ತ ತಾಯಿಯನ್ನು, ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಈ ಚರಿತ್ರೆಗೆ ಸ್ಪಷ್ಟವಾದ ಒಂದು ಆರಂಭವಿದೆ. ಓರೆಗಾನ್ ರಾಜ್ಯದ ಕ್ರೆಸ್‌ವೆಲ್ ಎಂಬ ಸಣ್ಣ ಊರಿನಲ್ಲಿ ಬೇಸಾಯ, ಮರದ ವ್ಯಾಪಾರ ಮಾಡಿಕೊಂಡಿದ್ದ ಹ್ಯಾರಿ ಹೋಲ್ಟ್ ಮತ್ತು ಬರ್ಥಾ ಹೋಲ್ಟ್ ದಂಪತಿ 1954ರ ಕೊನೆಯಲ್ಲಿ ವರ್ಲ್ಡ್ ವಿಷನ್ ಸಂಸ್ಥೆಯ ಬಾಬ್ ಪಿಯರ್ಸ್ ತೋರಿಸಿದ ಚಿತ್ರವೊಂದನ್ನು ನೋಡಿದರು. ಕೊರಿಯಾ ಯುದ್ಧದ ನಂತರ ಅಲ್ಲಿ ಉಳಿದಿದ್ದ ಮಕ್ಕಳ ಚಿತ್ರ ಅದು. ವಿದೇಶಿ ಸೈನಿಕರಿಗೂ ಕೊರಿಯಾದ ಹೆಂಗಸರಿಗೂ ಹುಟ್ಟಿದ ಮಕ್ಕಳು, ತಂದೆಯ ವಂಶವೇ ಗುರುತಾಗಿದ್ದ ಆ ಸಮಾಜದಲ್ಲಿ ಯಾರಿಗೂ ಬೇಡವಾಗಿದ್ದರು. ಆರು ಮಕ್ಕಳ ತಂದೆತಾಯಿಯಾಗಿದ್ದ ಹೋಲ್ಟ್ ದಂಪತಿ ಇನ್ನೂ ಎಂಟು ಮಕ್ಕಳನ್ನು ಮನೆಗೆ ತರಲು ನಿಶ್ಚಯಿಸಿದರು. ಆಗಿನ ನಿರಾಶ್ರಿತರ ಕಾಯ್ದೆ ಒಂದು ಕುಟುಂಬಕ್ಕೆ ಇಬ್ಬರು ಮಕ್ಕಳಿಗೆ ಮಾತ್ರ ವೀಸಾ ಕೊಡುತ್ತಿತ್ತು. ಅಡ್ಡ ಬಂದ ಆ ಮಿತಿಯನ್ನು ಅಮೆರಿಕದ ಸಂಸತ್ತು 1955ರಲ್ಲಿ ಇವರೊಬ್ಬರಿಗಾಗಿಯೇ ವಿಶೇಷ ಕಾಯ್ದೆ ಮಾಡಿ ಸಡಿಲಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಮಕ್ಕಳು ಬಂದಿಳಿದಾಗ ದೇಶದ ಪತ್ರಿಕೆಗಳೆಲ್ಲ ಫೋಟೋ ಹಾಕಿದವು. ನಮಗೂ ಒಂದು ಮಗು ಕೊಡಿಸಿ ಎಂಬ ಪತ್ರಗಳು ಹೋಲ್ಟ್ ಮನೆಗೆ ರಾಶಿ ಬಿದ್ದವು. ಇಂದಿನ ಹೋಲ್ಟ್ ಇಂಟರ್‌ನ್ಯಾಷನಲ್ ಸಂಸ್ಥೆ ಹುಟ್ಟಿದ್ದು ಈ ಪತ್ರಗಳ ಒತ್ತಡದಿಂದ. ಒಂದು ಕುಟುಂಬದ ದೃಢಸಂಕಲ್ಪದ ಮುಂದೆ ಕಾಯ್ದೆ ಬಾಗಿತು ಎಂಬ ಈ ಕಥೆ ಮುಂದಿನ ತಲೆಮಾರುಗಳಿಗೆ ಮಾದರಿಯಾಯಿತು. ನಿಯಮವೆಂದರೆ ನಂಬಿಕೆ ದಾಟಬೇಕಾದ ಅಡ್ಡಿ ಎಂಬ ಭಾವನೆಯೂ ಅಲ್ಲೇ ಬೇರುಬಿಟ್ಟಿತು.

ಹೋಲ್ಟ್ ಅನುಸರಿಸಿದ ವಿಧಾನದಲ್ಲಿ ಮುಂದಿನ ಎಲ್ಲ ತೊಡಕುಗಳ ಮೊಳಕೆಯಿತ್ತು. ಅಮೆರಿಕದಲ್ಲೇ ಕೂತ ದಂಪತಿಯ ಪರವಾಗಿ ಅವರು ಕೊರಿಯಾದಲ್ಲಿ ದತ್ತು ಪ್ರಕ್ರಿಯೆ ಮುಗಿಸಿ ಮಗುವನ್ನು ವಿಮಾನ ಹತ್ತಿಸುತ್ತಿದ್ದರು. ಮಗುವನ್ನು ದಂಪತಿ ಮೊದಲ ಸಲ ನೋಡುತ್ತಿದ್ದುದೇ ವಿಮಾನ ನಿಲ್ದಾಣದಲ್ಲಿ. ಅರ್ಜಿದಾರರಿಗೆ ಅವರು ಇಟ್ಟ ಮುಖ್ಯ ಷರತ್ತು ಕ್ರಿಸ್ತನಲ್ಲಿ ದೃಢ ನಂಬಿಕೆ. ವೃತ್ತಿಪರ ಸಮಾಜಸೇವಕರು, ವಿಶೇಷವಾಗಿ ಇಂಟರ್‌ನ್ಯಾಷನಲ್ ಸೋಷಿಯಲ್ ಸರ್ವಿಸ್‌ನವರು, ಇದನ್ನು ಕಟುವಾಗಿ ಟೀಕಿಸಿದರು. ಮನೆಯ ಪರಿಶೀಲನೆ ಸಾಲದು, ಮಗುವಿಗೂ ಕುಟುಂಬಕ್ಕೂ ಹೊಂದಿಕೆಯಾಗುತ್ತದೆಯೇ ಎಂದು ನೋಡುವವರಿಲ್ಲ, ಮನೆ ಸೇರಿದ ಮೇಲೆ ವಿಚಾರಿಸುವವರಿಲ್ಲ ಎಂಬುದು ಅವರ ಆಕ್ಷೇಪ. ದೇಶದ ದತ್ತುಸಂಸ್ಥೆಗಳು ತಿರಸ್ಕರಿಸಿದ ದಂಪತಿಗಳಿಗೂ ಈ ದಾರಿಯಲ್ಲಿ ಮಗು ಸಿಗಬಹುದಾಗಿತ್ತು. ಹೋಲ್ಟ್ ಬೆಂಬಲಿಗರಿಗೆ ಇದು ಹೃದಯವಿಲ್ಲದ ಕಾಗದಪತ್ರದ ಹಟವಾಗಿ ಕಂಡಿತು: ಮಕ್ಕಳು ಹಸಿವಿನಿಂದ ಸಾಯುತ್ತಿರುವಾಗ ನಮೂನೆ ತುಂಬಿಸಿಕೊಂಡು ಕೂರುವುದೇ? ಕೊನೆಗೆ 1961ರಲ್ಲಿ ಅಮೆರಿಕದ ವಲಸೆ ಕಾಯ್ದೆ ಇಂಥ ಪ್ರತಿನಿಧಿ ದತ್ತುಗಳಿಗೆ ತಡೆ ಹಾಕಿತು. 'ಮಗು ಕಾಯುತ್ತಿದೆ, ನಿಯಮ ಅಡ್ಡ ಬರುತ್ತಿದೆ' ಎಂಬ ಇಂದಿನ ವಾದ ಅಕ್ಷರಶಃ ಆ ಕಾಲದ್ದು. 1950ರ ದಶಕದ ಕೊರಿಯಾದಲ್ಲಿ ಆ ವಾದಕ್ಕೆ ಬಲವಿತ್ತು, ಏಕೆಂದರೆ ಯುದ್ಧದಿಂದ ನುಗ್ಗಾದ ದೇಶದಲ್ಲಿ ಮಕ್ಕಳು ನಿಜಕ್ಕೂ ಸಾಯುತ್ತಿದ್ದರು. ತುರ್ತಿಗಾಗಿ ಕಟ್ಟಿದ ಏರ್ಪಾಡು ತುರ್ತು ಮುಗಿದ ಮೇಲೂ ನಿಲ್ಲದೆ ಬೆಳೆದದ್ದರಿಂದಲೇ ಮುಂದಿನ ಅನರ್ಥ ಶುರುವಾಯಿತು.

ಕೊರಿಯಾದಿಂದ ಹೊರಹೋದ ಮಕ್ಕಳ ಸಂಖ್ಯೆ ಏರಬೇಕಾದದ್ದು ಯುದ್ಧದ ಬೆನ್ನಿಗೆ; ಅದು ಶಿಖರ ಮುಟ್ಟಿದ್ದು 1985ರಲ್ಲಿ, ದೇಶ ಕೈಗಾರಿಕೆಯಲ್ಲಿ ದಾಪುಗಾಲಿಡುತ್ತ ಒಲಿಂಪಿಕ್ಸ್‌ಗೆ ಸಜ್ಜಾಗುತ್ತಿದ್ದಾಗ. ಆ ಒಂದೇ ವರ್ಷ 8,800ಕ್ಕೂ ಹೆಚ್ಚು ಮಕ್ಕಳು ವಿದೇಶಕ್ಕೆ ಹೋದರು. ಸೈನಿಕರ ಮಕ್ಕಳ ಕಾಲ ಆಗಲೇ ಮುಗಿದಿತ್ತು. ಈಗ ಹೋಗುತ್ತಿದ್ದವರಲ್ಲಿ ಹೆಚ್ಚಿನವರು ಮದುವೆಯಾಗದ ತಾಯಂದಿರ ಮಕ್ಕಳು. ಅಂಥ ತಾಯಿಗೆ ಬದುಕಲು ಜಾಗ, ಸಂಬಳ, ಮರ್ಯಾದೆ ಕೊಡುವುದಕ್ಕಿಂತ ಮಗುವನ್ನು ವಿಮಾನಕ್ಕೆ ಹತ್ತಿಸುವುದು ಸರ್ಕಾರಕ್ಕೆ ಅಗ್ಗವಾಗಿತ್ತು. ಮಧ್ಯದಲ್ಲಿದ್ದ ಸಂಸ್ಥೆಗಳಿಗೆ ಪ್ರತಿ ಮಗುವಿಗೂ ಶುಲ್ಕ ಬರುತ್ತಿತ್ತು. ತಂದೆತಾಯಿ ಬದುಕಿದ್ದರೂ ಮಗುವನ್ನು ಅನಾಥ ಎಂದು ಹೊಸದಾಗಿ ನೋಂದಾಯಿಸಿ ಕಳಿಸುವುದು ರೂಢಿಯಾಯಿತು, ಏಕೆಂದರೆ ಅನಾಥನ ಕಡತ ಬೇಗ ಸಾಗುತ್ತಿತ್ತು. ಒಟ್ಟು ಎರಡು ಲಕ್ಷದಷ್ಟು ಮಕ್ಕಳು ಹೀಗೆ ಕೊರಿಯಾ ಬಿಟ್ಟರು ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡ ಅಂದಾಜು. 2025ರ ಮಾರ್ಚಿನಲ್ಲಿ ಕೊರಿಯಾದ ಸತ್ಯ ಮತ್ತು ಸಂಧಾನ ಆಯೋಗ ಮೊದಲ ಕಂತಿನ ದೂರುದಾರರಲ್ಲಿ 56 ಮಂದಿಯ ಮಾನವ ಹಕ್ಕುಗಳ ಉಲ್ಲಂಘನೆಯಾಗಿದೆ ಎಂದು ಘೋಷಿಸಿತು. ಸುಳ್ಳು ದಾಖಲೆ, ಸರಿಯಾದ ಒಪ್ಪಿಗೆಯಿಲ್ಲದೆ ಕಳಿಸಿದ್ದು, ಒಂದು ಮಗುವಿನ ಗುರುತಿನಲ್ಲಿ ಇನ್ನೊಂದು ಮಗುವನ್ನು ಕಳಿಸಿದ್ದು, ಇವೆಲ್ಲ ಅದು ಕಂಡ ತಪ್ಪುಗಳು. ಈ ಮಕ್ಕಳನ್ನು ಬರಮಾಡಿಕೊಂಡ ಕುಟುಂಬಗಳಿಗೆ ಇದಾವುದೂ ಗೊತ್ತಿರಲಿಲ್ಲ ಎಂಬುದು ಬಹುಮಟ್ಟಿಗೆ ನಿಜ. ಕೈಗೆ ಬಂದ ಕಡತದಲ್ಲಿ ತಾಯಿಯ ಹೆಸರೇ ಇಲ್ಲದಿರುವಾಗ ಅವಳ ಬಗ್ಗೆ ಯೋಚಿಸುವ ಸಂದರ್ಭವೇ ಬರುವುದಿಲ್ಲ.

ಈ ಪದ್ಧತಿಗೆ ಇವಾಂಜೆಲಿಕಲ್ ಚರ್ಚುಗಳು ಹೊಸ ಹುರುಪು ತುಂಬಿದ್ದು 2000ದ ದಶಕದಲ್ಲಿ. ದೇವರು ನಮ್ಮನ್ನು ಕ್ರಿಸ್ತನ ಮೂಲಕ ಮಕ್ಕಳಾಗಿ ಸ್ವೀಕರಿಸಿದ್ದಾನೆ, ಆದ್ದರಿಂದ ನಾವೂ ಮಕ್ಕಳನ್ನು ಸ್ವೀಕರಿಸಬೇಕು ಎಂಬ ಪೌಲನ ಪತ್ರಗಳಿಂದ ಬೆಳೆದ ಬೋಧನೆ ಅದರ ತಿರುಳು. ಬ್ಯಾಪ್ಟಿಸ್ಟ್ ದೇವತಾಶಾಸ್ತ್ರಜ್ಞ ರಸೆಲ್ ಮೂರ್ ಈ ವಿಚಾರವನ್ನು ಪುಸ್ತಕವಾಗಿ ಪ್ರಕಟಿಸಿದ್ದು 2009ರಲ್ಲಿ; ಅದೇ ವರ್ಷ ಸದರ್ನ್ ಬ್ಯಾಪ್ಟಿಸ್ಟ್ ಸಮಾವೇಶ ತನ್ನ ಕುಟುಂಬಗಳು ದತ್ತು ಕುರಿತು ಪ್ರಾರ್ಥಿಸಿ ಆಲೋಚಿಸಬೇಕೆಂದು ನಿರ್ಣಯ ಮಾಡಿತು. 'ಅನಾಥರ ಭಾನುವಾರ' ಆಚರಣೆಗೆ ಬಂತು. ವೇದಿಕೆಗಳಿಂದ ಹೊಮ್ಮುತ್ತಿದ್ದ ಅಂಕಿ ಒಂದೇ: ಲೋಕದಲ್ಲಿ 14 ಕೋಟಿಗೂ ಹೆಚ್ಚು ಅನಾಥರಿದ್ದಾರೆ. ಅಂಕಿ ಯುನಿಸೆಫ್‌ನದೇ, ಆದರೆ ಯುನಿಸೆಫ್ ಲೆಕ್ಕದಲ್ಲಿ ತಂದೆತಾಯಿಗಳಲ್ಲಿ ಒಬ್ಬರನ್ನು ಕಳೆದುಕೊಂಡ ಮಗುವೂ ಅನಾಥ. ಇಬ್ಬರನ್ನೂ ಕಳೆದುಕೊಂಡವರು ಅದರಲ್ಲಿ ಹತ್ತರಲ್ಲೊಂದು ಪಾಲಿನಷ್ಟು. ಅವರಲ್ಲೂ ಹೆಚ್ಚಿನವರು ಅಜ್ಜಿ, ಸೋದರಮಾವ, ಚಿಕ್ಕಮ್ಮನ ಆಸರೆಯಲ್ಲಿ ಬೆಳೆಯುವವರು. ಹಾಗಾದರೆ ಆ 14 ಕೋಟಿಯಲ್ಲಿ ಬಹುಪಾಲು ಮಕ್ಕಳ ಹಿಂದೆ ನಿಂತಿರುವುದು ಗಂಡನನ್ನು ಕಳೆದುಕೊಂಡ ತಾಯಿ, ಇಲ್ಲವೇ ಹೆಂಡತಿಯನ್ನು ಕಳೆದುಕೊಂಡ ತಂದೆ. ಧರ್ಮಗ್ರಂಥ ಜೊತೆಗಿಟ್ಟ ಇಬ್ಬರೂ ಅಂಕಿಯೊಳಗೇ ಇದ್ದರು. ಚಳವಳಿ ಮಗುವನ್ನಷ್ಟೇ ಎಣಿಸಿತು, ಆ ಎಣಿಕೆಯಿಂದ ಒಂದು ನಿರೀಕ್ಷೆ ಹುಟ್ಟಿತು: ಕೋಟಿಗಟ್ಟಲೆ ಮಕ್ಕಳು ಕಾಯುತ್ತಿರುವಾಗ ನಮಗೆ ಒಂದು ಮಗು ಸಿಗಲು ಮೂರು ನಾಲ್ಕು ವರ್ಷ ಏಕೆ?

ಉತ್ತರ ಸರಳ. ಕುಟುಂಬಗಳು ಕೇಳುತ್ತಿದ್ದುದು ಬಹುಮಟ್ಟಿಗೆ ಆರೋಗ್ಯವಂತ ಹಸುಗೂಸುಗಳನ್ನು. ಯಾರೂ ದಿಕ್ಕಿಲ್ಲದ ಆರೋಗ್ಯವಂತ ಹಸುಗೂಸುಗಳು ಲೋಕದಲ್ಲಿ ಅಷ್ಟೊಂದು ಇರಲಿಲ್ಲ. ಬೇಡಿಕೆ ಇದ್ದು ಮಕ್ಕಳಿಲ್ಲದಿದ್ದಾಗ, ಪ್ರತಿ ದತ್ತಿಗೂ ಇಪ್ಪತ್ತು ಮೂವತ್ತು ಸಾವಿರ ಡಾಲರ್ ಹರಿಯುತ್ತಿದ್ದಾಗ, ಮಕ್ಕಳನ್ನು 'ಹುಡುಕುವವರು' ಹುಟ್ಟಿಕೊಂಡರು. ಗ್ವಾಟೆಮಾಲಾದಲ್ಲಿ ದತ್ತುಗಳನ್ನು ಖಾಸಗಿ ವಕೀಲರೇ ನೋಟರಿಗಳಾಗಿ ನಡೆಸುತ್ತಿದ್ದರು, ನ್ಯಾಯಾಲಯದ ಪಾತ್ರ ಹೆಸರಿಗಷ್ಟೇ. ಆ ಸಣ್ಣ ದೇಶದಿಂದ 2007ರಲ್ಲಿ ಅಮೆರಿಕಕ್ಕೆ 4,700ರಷ್ಟು ಮಕ್ಕಳು ಹೋದರು, ಅಂದರೆ ಅಲ್ಲಿ ಹುಟ್ಟುವ ಪ್ರತಿ ನೂರು ಮಕ್ಕಳಲ್ಲಿ ಸುಮಾರು ಒಂದು. ಕಾಸು ಕೊಟ್ಟು ಕೊಂಡ, ಕದ್ದ ಮಕ್ಕಳ ಪ್ರಕರಣಗಳು ಹೊರಬಂದ ಮೇಲೆ 2008ರ ಆರಂಭಕ್ಕೆ ಹೊಸ ದತ್ತುಗಳು ನಿಂತವು. ಒತ್ತಡ ಇಥಿಯೋಪಿಯಾದತ್ತ ತಿರುಗಿತು. 2010ರಲ್ಲಿ ಅಲ್ಲಿಂದ ಅಮೆರಿಕಕ್ಕೆ 2,500ರಷ್ಟು ಮಕ್ಕಳು ಬಂದರು. ಮಗು ಓದಿ ಬಂದು ಮನೆಯನ್ನು ನೋಡಿಕೊಳ್ಳುತ್ತದೆ, ಆಗಾಗ ಪತ್ರ ಬರುತ್ತದೆ ಎಂದು ನಂಬಿ ಹೆಬ್ಬೆಟ್ಟು ಒತ್ತಿದ ತಂದೆತಾಯಿಗಳ ಕಥೆಗಳು ಅಲ್ಲಿಂದ ಒಂದರ ಮೇಲೊಂದು ಬಂದವು. ಸಂಬಂಧವೇ ಕಡಿದುಹೋಗುವ ದತ್ತು ಅವರ ಕಲ್ಪನೆಯಲ್ಲೇ ಇರಲಿಲ್ಲ. 2011ರಲ್ಲಿ ಇಥಿಯೋಪಿಯಾ ಸರ್ಕಾರ ದಿನಕ್ಕೆ ಐದು ಕಡತಗಳನ್ನಷ್ಟೇ ನೋಡುವುದಾಗಿ ಹೇಳಿತು, 2018ರ ಜನವರಿಯಲ್ಲಿ ವಿದೇಶಿ ದತ್ತನ್ನೇ ನಿಷೇಧಿಸಿತು. ಒಂದು ದೇಶ ಮುಚ್ಚಿದರೆ ಇನ್ನೊಂದಕ್ಕೆ ಹೊರಟವರಲ್ಲಿ ಕೆಲವರು ಎರಡು ಮೂರು ದೇಶಗಳ ಬಾಗಿಲಲ್ಲಿ ಕಾದು ಬರಿಗೈಯಲ್ಲಿ ಮರಳಿದರು.

ಈ ಕುಟುಂಬಗಳ ಸಂಕಟವನ್ನು ಹಗುರಾಗಿ ಕಾಣುವಂತಿಲ್ಲ. 'ಹೋಂ ಸ್ಟಡಿ' ಎಂಬ ಪರಿಶೀಲನೆಗೆ ಮನೆಯ ಮೂಲೆಮೂಲೆಯನ್ನು ಅಪರಿಚಿತರ ಮುಂದೆ ತೆರೆದಿಟ್ಟು, ಬೆರಳಚ್ಚು ಕೊಟ್ಟು, ಚರ್ಚಿನವರ ಮಾರಾಟ ಮೇಳಗಳಿಂದ ಹಣ ಕೂಡಿಸಿ, 'ರೆಫರಲ್' ಆಗಿ, ಅಂದರೆ ಸಂಸ್ಥೆ ಗೊತ್ತುಮಾಡಿದ ಮಗುವಿನದೆಂದು ಬಂದ ಒಂದು ಫೋಟೋವನ್ನು ಗೋಡೆಗೆ ಹಾಕಿ ಹೆಸರಿಟ್ಟು ಕರೆಯುವ ಹೊತ್ತಿಗೆ ಆ ಮಗು ಅವರ ಮನಸ್ಸಿನಲ್ಲಿ ಮನೆಮಗುವೇ ಆಗಿರುತ್ತದೆ. ದೇವರೇ ತೋರಿಸಿದ ಮಗು ಎಂಬ ನಂಬಿಕೆ ಇದಕ್ಕೆ ಸೇರಿದರೆ, ತಡಮಾಡುವ ಅಧಿಕಾರಿ ದೇವರ ಚಿತ್ತಕ್ಕೇ ಅಡ್ಡ ನಿಂತಂತೆ ಕಾಣುತ್ತಾನೆ. ಅಪಾಯವಿರುವುದು ಇಲ್ಲೇ. 2010ರ ಜನವರಿಯಲ್ಲಿ ಹೈಟಿಯ ಭೂಕಂಪದ ಬೆನ್ನಿಗೆ, ಬಹುತೇಕ ಐಡಾಹೊ ರಾಜ್ಯದ ಬ್ಯಾಪ್ಟಿಸ್ಟ್ ಚರ್ಚುಗಳಿಗೆ ಸೇರಿದ ಹತ್ತು ಮಂದಿ ಅಮೆರಿಕನ್ನರು 33 ಮಕ್ಕಳನ್ನು ದಾಖಲೆಯಿಲ್ಲದೆ ಗಡಿ ದಾಟಿಸಲು ಹೋಗಿ ಬಂಧಿತರಾದರು. ಅನಾಥರೆಂದು ಹೇಳಿದ್ದ ಆ ಮಕ್ಕಳಲ್ಲಿ ಬಹುತೇಕ ಎಲ್ಲರಿಗೂ ತಂದೆಯೋ ತಾಯಿಯೋ ಇದ್ದರು. ಹೋದವರು ಲಾಭಕ್ಕೆ ಹೋದವರಲ್ಲ, ಒಳ್ಳೆಯದನ್ನೇ ಮಾಡುತ್ತಿದ್ದೇವೆ ಎಂದು ನಂಬಿದವರು. ಕರೆ ಬಂದಿದೆ ಎಂಬ ಖಾತ್ರಿ ಎಷ್ಟು ಗಟ್ಟಿಯಾಗಿತ್ತೆಂದರೆ, ಈ ಮಗು ಯಾರದು ಎಂಬ ಪ್ರಶ್ನೆ ಅದರ ಮುಂದೆ ಸಣ್ಣದಾಯಿತು.

ಆ ಪ್ರಶ್ನೆಯನ್ನು ಕಾನೂನಿನ ನಡುವೆ ತಂದು ನಿಲ್ಲಿಸಿದ ದೇಶಗಳಲ್ಲಿ ಭಾರತವೂ ಒಂದು. ವಿದೇಶಿ ದತ್ತಿನ ಹೆಸರಿನಲ್ಲಿ ನಡೆಯುತ್ತಿದ್ದ ಅಕ್ರಮಗಳ ಬಗ್ಗೆ ವಕೀಲ ಲಕ್ಷ್ಮೀಕಾಂತ್ ಪಾಂಡೆ ಬರೆದ ಪತ್ರವನ್ನೇ ಅರ್ಜಿಯಾಗಿ ಸ್ವೀಕರಿಸಿದ ಸುಪ್ರೀಂ ಕೋರ್ಟ್ 1984ರ ಫೆಬ್ರವರಿಯಲ್ಲಿ, ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ತೀರ್ಪಿನಲ್ಲಿ, ವಿವರವಾದ ಕಟ್ಟಳೆಗಳನ್ನು ಹಾಕಿತು. ಮೊದಲು ಹೆತ್ತವರ ಬಳಿಯೇ ಉಳಿಸಲು ಯತ್ನ, ಆಮೇಲೆ ದೇಶದೊಳಗೆ ದತ್ತು, ಅದೂ ಆಗದಿದ್ದರೆ ವಿದೇಶ ಎಂಬ ಕ್ರಮ ಅದರ ಸಾರ. 1990ರಲ್ಲಿ ದತ್ತುಗಳ ಮೇಲ್ವಿಚಾರಣೆಗೆ ಕಾರಾ ಎಂಬ ಕೇಂದ್ರ ಸಂಸ್ಥೆ ಬಂತು. 1993ರ ಹೇಗ್ ಒಪ್ಪಂದಕ್ಕೂ ಇದೇ ಕ್ರಮ ಆಧಾರವಾಯಿತು, ಭಾರತ ಅದನ್ನು 2003ರಲ್ಲಿ ಅನುಮೋದಿಸಿತು. ಕಟ್ಟಳೆಗಳಿದ್ದೂ 2000ದ ಆಸುಪಾಸಿನಲ್ಲಿ ಆಗಿನ ಆಂಧ್ರಪ್ರದೇಶದ ಲಂಬಾಣಿ ತಾಂಡಾಗಳಿಂದ ಹೆಣ್ಣು ಶಿಶುಗಳನ್ನು ಪುಡಿಗಾಸಿಗೆ ಕೊಂಡು ದತ್ತು ಕೇಂದ್ರಗಳಿಗೆ ಸಾಗಿಸುತ್ತಿದ್ದ ಜಾಲ ಬಯಲಾಯಿತು. ಕಲಬುರಗಿ, ವಿಜಯಪುರ ಕಡೆಯ ತಾಂಡಾಗಳ ಬಡತನವನ್ನು ಬಲ್ಲ ಕನ್ನಡಿಗರಿಗೆ, ಅಂಥ ತಾಯಿಯ 'ಒಪ್ಪಿಗೆ' ಎಷ್ಟರಮಟ್ಟಿಗೆ ಒಪ್ಪಿಗೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂದಿನ ಬಾಲನ್ಯಾಯ ಕಾಯ್ದೆ ಮಗುವನ್ನು ಒಪ್ಪಿಸಿದ ಹೆತ್ತವರಿಗೆ ಮನಸ್ಸು ಬದಲಿಸಲು ಎರಡು ತಿಂಗಳು ಕೊಡುತ್ತದೆ. ವಿದೇಶದಲ್ಲಿ ಕೂತು ಕಾಯುವ ದಂಪತಿಗೆ ಅದು ವ್ಯರ್ಥ ವಿಳಂಬ, ತಾಯಿಗೆ ಮಾತ್ರ ಇಡೀ ಪ್ರಕ್ರಿಯೆಯಲ್ಲಿ ತನಗೆಂದೇ ಮೀಸಲಾದ ಅವಧಿ ಅದೊಂದೇ.

ಭಾರತದ ಕ್ರೈಸ್ತ ಕುಟುಂಬಗಳ ಪಾಡು ಈ ಕಥೆಗೆ ಇನ್ನೊಂದು ಮುಖ. 1956ರ ಹಿಂದೂ ದತ್ತು ಕಾಯ್ದೆ ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ ಮಾತ್ರ ಅನ್ವಯಿಸುತ್ತಿತ್ತು. ಕ್ರೈಸ್ತರಿಗೆ ಉಳಿದದ್ದು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಪೋಷಕರಾಗುವ ದಾರಿ. ಮಗು ವಯಸ್ಸಿಗೆ ಬಂದೊಡನೆ ಆ ಕಾನೂನಿನ ನಂಟು ಮುಗಿಯುತ್ತಿತ್ತು. ಎಲ್ಲರಿಗೂ ಒಂದೇ ದತ್ತು ಕಾಯ್ದೆ ತರಲು 1972ರಲ್ಲೂ 1980ರಲ್ಲೂ ಸಂಸತ್ತಿಗೆ ಬಂದ ಮಸೂದೆಗಳು ಬಿದ್ದುಹೋದವು. ವಿದೇಶಿ ದಂಪತಿ ಭಾರತದಿಂದ ಮಗು ಒಯ್ಯುತ್ತಿದ್ದುದೂ ಇದೇ 1890ರ ಕಾಯ್ದೆಯಡಿ. ಆದರೆ ಅವರು ತಮ್ಮ ದೇಶ ಮುಟ್ಟಿ ಅಲ್ಲಿನ ಕಾನೂನಿನಂತೆ ಪೂರ್ಣ ದತ್ತು ಮಾಡಿಕೊಳ್ಳಬಹುದಾಗಿತ್ತು. ಓರೆಗಾನಿನ ಕ್ರೈಸ್ತ ದಂಪತಿ ಮಂಗಳೂರಿನ ಮಗುವಿಗೆ ಸಂಪೂರ್ಣ ತಂದೆತಾಯಿಗಳಾಗಬಹುದಿತ್ತು, ಮಂಗಳೂರಿನ ಕ್ರೈಸ್ತ ದಂಪತಿ ಆಗುವಂತಿರಲಿಲ್ಲ! 2000ದ ಬಾಲನ್ಯಾಯ ಕಾಯ್ದೆ, ಅದಕ್ಕೆ 2006ರಲ್ಲಿ ಬಂದ ತಿದ್ದುಪಡಿ ಈ ಕಂದಕವನ್ನು ಮುಚ್ಚತೊಡಗಿದವು. ಯಾವ ಧರ್ಮದವರೂ ಆ ಕಾಯ್ದೆಯಡಿ ದತ್ತು ಪಡೆಯಬಹುದೆಂದು ಸುಪ್ರೀಂ ಕೋರ್ಟ್ 2014ರ ಶಬನಂ ಹಾಶ್ಮಿ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಊರಿನಲ್ಲೇ ಮಗುವನ್ನು ಬಯಸಿ ಕಾಯುತ್ತಿದ್ದ ದಂಪತಿಗೆ ದಾರಿಯಿಲ್ಲದ ಕಾಲದಲ್ಲಿ ಮಕ್ಕಳು ಸಮುದ್ರ ದಾಟಿದರೆಂದರೆ, ಮನೆಗಳ ಕೊರತೆಯಷ್ಟೇ ಅದಕ್ಕೆ ಕಾರಣ ಎನ್ನುವಂತಿಲ್ಲ.

ಇಷ್ಟು ಹೇಳಿದ ಮೇಲೆ ಎದುರು ವಾದಗಳನ್ನು ಕೇಳಲೇಬೇಕು. ಅವುಗಳಲ್ಲಿ ಬಲವಾದದ್ದು ರೊಮೇನಿಯಾದ್ದು. 1989ರಲ್ಲಿ ಸರ್ವಾಧಿಕಾರಿ ಚೌಷೆಸ್ಕು ಆಡಳಿತ ಬಿದ್ದಾಗ ಅಲ್ಲಿನ ಸರ್ಕಾರಿ ಆಶ್ರಮಗಳಲ್ಲಿ ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಎತ್ತಿ ಆಡಿಸುವವರಿಲ್ಲದೆ ತೊಟ್ಟಿಲಲ್ಲೇ ಬೆಳೆದ ಆ ಮಕ್ಕಳ ಮೇಲೆ ನಡೆದ ಸಂಶೋಧನೆಗಳು ಒಂದು ಕಠೋರ ಸತ್ಯವನ್ನು ಸ್ಥಾಪಿಸಿದವು. ಬ್ರಿಟನ್ನಿಗೆ ದತ್ತು ಹೋದ ಮಕ್ಕಳನ್ನು ಮನೋವೈದ್ಯ ಮೈಕೆಲ್ ರಟ್ಟರ್ ತಂಡ ದಶಕಗಳ ಕಾಲ ಅಧ್ಯಯನ ಮಾಡಿದಾಗ, ಆರು ತಿಂಗಳೊಳಗೆ ಮನೆ ಸೇರಿದವರು ಬಹುಮಟ್ಟಿಗೆ ಚೇತರಿಸಿಕೊಂಡಿದ್ದರು, ತಡವಾದವರಲ್ಲಿ ಗಾಯ ಉಳಿದಿತ್ತು. ಹಾಗಿದ್ದರೆ ಪ್ರತಿ ತಿಂಗಳ ವಿಳಂಬವೂ ಮಗುವಿನ ಮೇಲಿನ ಹಿಂಸೆಯಲ್ಲವೇ? ಹೌದು, ಮಗು ಆಶ್ರಮದಲ್ಲೇ ಕೊಳೆಯುತ್ತಿದ್ದರೆ. ಆದರೆ ಬುಖಾರೆಸ್ಟ್‌ನಲ್ಲಿ 2000ದಿಂದ ನಡೆದ ಪ್ರಯೋಗ ತೋರಿಸಿದ್ದು, ದೇಶದೊಳಗಿನ ಸಾಕುಮನೆಗಳಿಗೆ ಬೇಗ ಸೇರಿದ ಮಕ್ಕಳೂ ಗಮನಾರ್ಹವಾಗಿ ಸುಧಾರಿಸುತ್ತಾರೆ ಎಂಬುದನ್ನು. ಬೇಕಾದದ್ದು ಬೇಗನೆ ಒಂದು ಮಡಿಲು. ಅದು ಅಮೆರಿಕದ್ದೇ ಆಗಿರಬೇಕಿಲ್ಲ. ಜೊತೆಗೆ, 1990-91ರಲ್ಲಿ ರೊಮೇನಿಯಾಕ್ಕೆ ಧಾವಿಸಿದ ವಿದೇಶಿಯರಿಗೆ ಸಿಕ್ಕ ಮಕ್ಕಳಲ್ಲಿ ಅನೇಕರು ಆ ಆಶ್ರಮಗಳವರಾಗಿರದೆ ಬಡವರ ಮನೆಗಳಿಂದ ನೇರವಾಗಿ ಬಂದವರು. ಆಶ್ರಮದ ಮಗುವಿನ ಹೆಸರಿನಲ್ಲಿ ಹುಟ್ಟಿದ ಅವಸರ ತಾಯಿಯ ಮಗ್ಗುಲಲ್ಲಿದ್ದ ಮಗುವನ್ನು ಒಯ್ದಿತ್ತು.

ಎರಡನೆಯ ಆಕ್ಷೇಪ, ಇದೆಲ್ಲ ಕ್ರೈಸ್ತರ ಮೇಲಿನ ಅಸಹನೆ ಎಂಬುದು. ಇದರಲ್ಲಿ ಒಪ್ಪಬೇಕಾದದ್ದಿದೆ. ಗ್ವಾಟೆಮಾಲಾದ ವಕೀಲರಾಗಲಿ, ಕೊರಿಯಾದ ಅಧಿಕಾರಿಗಳಾಗಲಿ ಬೈಬಲ್ ಓದಿ ತಪ್ಪು ಮಾಡಿದವರಲ್ಲ. ದತ್ತು ಪಡೆದ ದಂಪತಿಗಳಲ್ಲೂ ದೇವರ ಗೊಡವೆಯಿಲ್ಲದವರು ಬಹಳ ಮಂದಿ. ಕುರುಡು, ಕಿವುಡು, ಸೀಳುತುಟಿ, ಹೃದಯದ ತೊಂದರೆಯಿದ್ದ, ಬೇರೆ ಯಾರೂ ಮುಂದೆ ಬಾರದ ಮಕ್ಕಳನ್ನು ಎತ್ತಿಕೊಂಡು ಜೀವಮಾನವಿಡೀ ನೋಡಿಕೊಂಡವರಲ್ಲಿ ಭಕ್ತ ಕುಟುಂಬಗಳು ಎದ್ದು ಕಾಣುತ್ತವೆ. ಆದರೆ ನಂಬಿಕೆಯನ್ನು ಕೇಂದ್ರಕ್ಕೆ ತಂದುಕೊಂಡವರ ನಿರ್ಧಾರಗಳಲ್ಲಿ ಮಗುವಿನ ಅಗತ್ಯ ಹಿಂದೆ ಸರಿದ ಸಂದರ್ಭಗಳೂ ಇವೆ. ಒಂಟಿ ಮಹಿಳೆಯರೂ ಪುರುಷರೂ ದತ್ತು ಪಡೆಯಲು ಅವಕಾಶವಿದ್ದ ಕಾರಾದ ಹೊಸ ನಿಯಮಗಳನ್ನು ಒಪ್ಪದೆ ಮಿಷನರೀಸ್ ಆಫ್ ಚಾರಿಟಿ 2015ರಲ್ಲಿ ಭಾರತದಲ್ಲಿ ತನ್ನ ದತ್ತು ಕೇಂದ್ರಗಳನ್ನೇ ನಿಲ್ಲಿಸಿತು. ಹಾಗಾಗಿ ತಪ್ಪು ಧರ್ಮದ್ದೇ ಎನ್ನುವುದು ಸರಿಯಲ್ಲ, ಧರ್ಮದ ಕರೆ ಇದ್ದರೆ ಪರಿಶೀಲನೆ ಬೇಡ ಎನ್ನುವುದು ಇನ್ನೂ ಸರಿಯಲ್ಲ.

ಮೂರನೆಯ ಆಕ್ಷೇಪಕ್ಕೆ ಪೂರ್ಣ ಉತ್ತರವಿಲ್ಲ. ಹಗರಣ ನಡೆದಾಗಲೆಲ್ಲ ದೇಶಗಳು ಬಾಗಿಲನ್ನೇ ಜಡಿದರೆ, ನಿಜಕ್ಕೂ ದಿಕ್ಕಿಲ್ಲದ, ತಮ್ಮ ದೇಶದಲ್ಲಿ ಯಾರೂ ಒಪ್ಪದ ಮಗುವಿನ ಗತಿಯೇನು? ರಷ್ಯಾ 2012ರ ಡಿಸೆಂಬರಿನಲ್ಲಿ ಅಮೆರಿಕನ್ನರಿಗೆ ದತ್ತು ನಿಷೇಧಿಸಿದ್ದು ಮುಖ್ಯವಾಗಿ, ರಷ್ಯಾದ ಅಧಿಕಾರಿಗಳ ಮೇಲೆ ನಿರ್ಬಂಧ ಹೇರಿದ ಅಮೆರಿಕದ ಮ್ಯಾಗ್ನಿಟ್‌ಸ್ಕಿ ಕಾಯ್ದೆಗೆ ಸೇಡಾಗಿ. ಮಕ್ಕಳು ಅಲ್ಲಿ ರಾಜಕೀಯದ ದಾಳಗಳಾದರು. ಚೀನಾ 2024ರಲ್ಲಿ ವಿದೇಶಿ ದತ್ತನ್ನು ಕೊನೆಗೊಳಿಸಿದಾಗ, ಕೋವಿಡ್‌ಗೆ ಮೊದಲೇ ಗೊತ್ತಾಗಿದ್ದ ಮಕ್ಕಳಿಗಾಗಿ ಕಾಯುತ್ತಿದ್ದ ನೂರಾರು ಕುಟುಂಬಗಳು ಅತಂತ್ರವಾದವು. ಆ ಮಕ್ಕಳಲ್ಲಿ ಹಲವರಿಗೆ ವಿಶೇಷ ಆರೈಕೆ ಬೇಕಿತ್ತು. ಇಲ್ಲಿ ಕುಟುಂಬಗಳ ಸಿಟ್ಟು ನ್ಯಾಯವಾದದ್ದೇ. ಆದ್ದರಿಂದ ವಿಳಂಬ ಬೇರೆ, ನಿಷೇಧ ಬೇರೆ ಎಂದು ಬಿಡಿಸಿ ನೋಡಬೇಕಾಗುತ್ತದೆ. ಮಗುವಿನ ಮೂಲ ವಿಚಾರಿಸಲು, ತಾಯಿಯನ್ನು ಕೇಳಲು, ಊರಿನಲ್ಲಿ ಮನೆ ಹುಡುಕಲು ಹಿಡಿಯುವ ಸಮಯ ಮಗುವಿನ ಪರವಾದದ್ದು. ಯಾವ ವಿಚಾರಣೆಯೂ ಇಲ್ಲದೆ ಎಲ್ಲ ಮಕ್ಕಳಿಗೂ ಒಂದೇ ಬೀಗ ಹಾಕುವುದು ಸರ್ಕಾರದ ಸೋಮಾರಿತನ, ಇಲ್ಲವೇ ಹಟ. ಆದರೂ ಒಂದು ಮಾತು ಉಳಿಯುತ್ತದೆ: ವಿಚಾರಣೆಯ ಸಮಯವನ್ನು ಮೊದಲಿನಿಂದಲೇ ಗೌರವಿಸಿದ್ದರೆ ಗ್ವಾಟೆಮಾಲಾ, ಇಥಿಯೋಪಿಯಾಗಳಿಗೆ ಬೀಗದ ಮೊರೆ ಹೋಗಬೇಕಾದ ಸ್ಥಿತಿ ಬರುತ್ತಿರಲಿಲ್ಲವೇನೋ. ತಡವನ್ನು ಸಹಿಸದವರ ಅವಸರವೇ ನಿಷೇಧಕ್ಕೆ ದಾರಿ ಮಾಡಿಕೊಟ್ಟಿತು.

ಚರ್ಚುಗಳ ಒಳಗೂ ಈ ಅರಿವು ಮೂಡದೆ ಇಲ್ಲ. ಅಮೆರಿಕದ ದೊಡ್ಡ ಕ್ರೈಸ್ತ ದತ್ತುಸಂಸ್ಥೆಗಳಲ್ಲೊಂದಾದ ಬೆಥನಿ ಕ್ರಿಶ್ಚಿಯನ್ ಸರ್ವಿಸಸ್ 2020ರಲ್ಲಿ ತನ್ನ ಅಂತರರಾಷ್ಟ್ರೀಯ ದತ್ತು ಕೆಲಸವನ್ನು ನಿಲ್ಲಿಸಿ, ಆಯಾ ದೇಶಗಳಲ್ಲೇ ಕುಟುಂಬಗಳನ್ನು ಗಟ್ಟಿಗೊಳಿಸುವತ್ತ ಹೊರಳುವುದಾಗಿ ಘೋಷಿಸಿತು. ಇದನ್ನು ಸೋಲೆಂದು ಬಗೆದವರಿದ್ದಾರೆ. ಹಾಗೆ ಬಗೆಯಬೇಕಾಗಿಲ್ಲ. ಒಂದು ಮಗುವನ್ನು ಕರೆತರಲು ಒಂದು ಚರ್ಚು ಕೂಡಿಸುವ ಹಣ ಇಥಿಯೋಪಿಯಾದ ಒಂದು ಹಳ್ಳಿಯಲ್ಲಿ ಎಷ್ಟೋ ತಾಯಂದಿರನ್ನು ವರ್ಷಗಳ ಕಾಲ ಮಕ್ಕಳೊಂದಿಗೆ ಉಳಿಸಬಲ್ಲದು. ಅಲ್ಲಿ ಗೋಡೆಗೆ ಹಾಕಲು ಫೋಟೋ ಇರುವುದಿಲ್ಲ, ವಿಮಾನ ನಿಲ್ದಾಣದಲ್ಲಿ ಅಪ್ಪಿಕೊಳ್ಳಲು ಮಗುವಿರುವುದಿಲ್ಲ, ಕೊಟ್ಟವರನ್ನು ಅಪ್ಪ ಅಮ್ಮ ಎಂದು ಕರೆಯುವವರೂ ಇರುವುದಿಲ್ಲ. ಮಗು ಬೇಕೆಂಬ ಆಸೆಯನ್ನೂ ಅನಾಥರ ಸೇವೆಯನ್ನೂ ಒಂದೇ ಎಂದುಕೊಂಡದ್ದರಿಂದಲೇ ಈ ಎಪ್ಪತ್ತು ವರ್ಷಗಳ ಹತಾಶೆ ಬೆಳೆಯಿತು. ಎರಡೂ ಗೌರವಾರ್ಹ, ಆದರೆ ಬೇರೆ ಬೇರೆ. ಮೊದಲನೆಯದು ಕಾನೂನಿನ ಸಾಲಿನಲ್ಲಿ ತಾಳ್ಮೆಯಿಂದ ನಿಲ್ಲಬೇಕು, ಸಿಗದೆಯೂ ಹೋಗಬಹುದೆಂದು ಒಪ್ಪಿಕೊಂಡು. ಎರಡನೆಯದಕ್ಕೆ ಯಾವ ದೇಶವೂ ಬಾಗಿಲು ಮುಚ್ಚಿಲ್ಲ. ಅದಕ್ಕೆ ವೀಸಾ ಬೇಕಿಲ್ಲ, ರೆಫರಲ್ ಬೇಕಿಲ್ಲ, ಮಗುವಿನ ತಾಯಿ ಬದುಕಿದ್ದಾಳೆಂಬ ಸುದ್ದಿ ಅಲ್ಲಿ ಅಡ್ಡಿಯೂ ಆಗುವುದಿಲ್ಲ.